ಮೊದಲಿನವಳ ಗಿಡ

ಹಾರೆಯನ್ನು ಮಣ್ಣಿಗೆ ಇಳಿಸಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದರೂ ಹೂಶುಂಠಿಯ ಬುಡ ಮಿಸುಕಲಿಲ್ಲ. ದಂಟುಗಳನ್ನು ಇವಳು ನಿನ್ನೆ ಸಂಜೆಯೇ ಕೊಯ್ದು ಗೋಡೆಯ ಪಕ್ಕ ಒಟ್ಟಿದ್ದಳು. ಅವುಗಳ ಘಾಟು ಬೆಳಗಿನ ತೇವದಲ್ಲಿ ಇನ್ನೂ ಹಿತ್ತಲಿನಲ್ಲೇ ನಿಂತಿತ್ತು. ವರ್ಷಗಟ್ಟಲೆ ಕೈಯಿಡದೆ ಬಿಟ್ಟ ಗಿಡ. ಗೆಡ್ಡೆಯ ಮೇಲೆ ಗೆಡ್ಡೆ ಹತ್ತಿ, ಒಂದರ ಕತ್ತನ್ನು ಇನ್ನೊಂದು ಒತ್ತಿ, ನಡುಭಾಗ ಕೊರಡಿನ ಹಾಗಾಗಿತ್ತು. ಈಚೆಗೆ ಆ ಘಮಘಮಿಸುವ ಬಿಳಿ ಹೂವು ಬರುತ್ತಿದ್ದದ್ದು ಅಂಚಿನಲ್ಲಿ ಮಾತ್ರ, ಬೊಕ್ಕತಲೆಯವರ ಕಿವಿಯ ಸುತ್ತ ಉಳಿದ ಕೂದಲಿನ ಹಾಗೆ. ಅಗೆದು, ಬಿಡಿಸಿ, ಹೊಸದಾಗಿ ನೆಡಬೇಕೆಂದು ಪ್ರತಿ ವರ್ಷ ಅಂದುಕೊಳ್ಳುವುದು, ಪ್ರತಿ ವರ್ಷ ಮುಂದಕ್ಕೆ ಹಾಕುವುದು ನಡೆದೇ ಇತ್ತು. ಇವತ್ತು ಹಾರೆ ಹಿಡಿದದ್ದೂ ಗಿಡದ ಮೇಲಿನ ಕನಿಕರದಿಂದೇನಲ್ಲ. ಮಗಳು ಕೇಳಿದ್ದಳು. ಕೇಳಿದ್ದು ಇವಳನ್ನಲ್ಲ, ಅಪ್ಪನನ್ನು.

ನಿನ್ನೆ ಮಧ್ಯಾಹ್ನ ಗಂಡ ಫೋನಿನಲ್ಲಿ ಮಾತಾಡುತ್ತಿದ್ದಾಗ ಇವಳು ಅದೇ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು. ಹೂಂ, ಹೂಂ, ಅದಕ್ಕೇನಂತೆ, ಅದು ನಿಂದೇ ತಾನೆ, ಎಂದು ಅವನು ಅಂದದ್ದು ಕಿವಿಗೆ ಬಿದ್ದಿತ್ತು. ಆಮೇಲೆ ಫೋನು ಕೆಳಗಿಟ್ಟು, ಇವಳು ಆಗ ತಾನೇ ಒಳಗೆ ಬಂದಳೋ ಎನ್ನುವಂತೆ ಗಂಟಲು ಸರಿಮಾಡಿಕೊಂಡು ಸುದ್ದಿ ತಿಳಿಸಿದ: ಪುಟ್ಟಿ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋಗಿದ್ದಾಳೆ, ಮುಂದೆ ಒಂದಿಷ್ಟು ಮಣ್ಣಿದೆ, ಅವಳಮ್ಮನ ಗಿಡದಲ್ಲಿ ಒಂದು ತುಂಡು ಬೇಕಂತೆ, ನಾಳೆ ಬಂದು ಒಯ್ಯುತ್ತಾಳಂತೆ. ಸ್ವಂತ ಮನೆಯ ವಿಷಯ ಇವಳಿಗೆ ತಿಳಿದದ್ದು ಆಗಲೇ. ಬಸುರಿಯಾದದ್ದೂ ಹೀಗೇ, ಗಂಡನ ಬಾಯಿಂದ, ಸ್ನಾನಕ್ಕೆ ಹೊರಟವನು ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತ ನೆನಪಾಗಿ ಹೇಳಿದ್ದು. ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೊಮ್ಮೆ ಮಡಿಸಿದಳು. ಸರಿ, ಅಗೆದಿಡುತ್ತೇನೆ ಎಂದಳು. ಬೇರೆ ಏನು ಹೇಳಬಹುದಿತ್ತು? ಅದು ಅವಳಮ್ಮನ ಗಿಡವಲ್ಲ, ನಾನು ನೆಟ್ಟದ್ದು ಎಂದು ಗಂಡನಿಗೆ ಹೇಳುವುದರಲ್ಲಿ ಅರ್ಥವಿರಲಿಲ್ಲ. ಅವನಿಗೆ ಅದು ಗೊತ್ತಿತ್ತು. ಅವನಿಗೆ ಮಾತ್ರ ಗೊತ್ತಿತ್ತು.

ಇವಳು ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದಾಗ ಹಿತ್ತಲಿನಲ್ಲಿ, ತೀರಿಹೋಗಿದ್ದ ಮೊದಲಿನವಳು ನೆಟ್ಟ ಹೂಶುಂಠಿ ಎದೆಯೆತ್ತರ ಬೆಳೆದಿತ್ತು. ಹುಡುಗಿ ಆಗ ಎರಡು ಜಡೆಯ, ಮೊಣಕೈಯಲ್ಲಿ ಸದಾ ಒಂದು ಗಾಯದ, ಮಾತಿಲ್ಲದ ಹುಡುಗಿ. ಶಾಲೆಯಿಂದ ಬಂದವಳೇ ಚೀಲ ಎಸೆದು ಹಿತ್ತಲಿಗೆ ಹೋಗಿ ಆ ಎಲೆಗಳ ಮಧ್ಯೆ ಕೂತುಬಿಡುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದಳು. ಅಪ್ಪ ಬಂದು ಕರೆದರೆ ಹಸಿವಾಗುತ್ತಿತ್ತು. ರಜೆಯಲ್ಲಿ ಅವಳು ಅಜ್ಜಿಯ ಮನೆಗೆ ಹೋಗಿದ್ದಾಗ ಕಾಂಪೌಂಡಿನ ಗೋಡೆ ಕಟ್ಟಿಸಿದ್ದು. ಗಾರೆಯವನು ಸುಣ್ಣ ಕಲಸಲು ಜಾಗ ಕೇಳಿದಾಗ ಗಂಡ ಪೇಪರಿನಿಂದ ತಲೆಯೆತ್ತದೆ ಅಲ್ಲೇ ಎಲ್ಲಾದರೂ ಮಾಡಪ್ಪ ಅಂದಿದ್ದ. ಸುಣ್ಣದ ನೀರೆಲ್ಲ ಬುಡಕ್ಕೆ ಇಳಿಯಿತು. ವಾರ ಕಳೆಯುವುದರೊಳಗೆ ಎಲೆ ಹಳದಿಯಾಗಿ, ದಂಟು ಕೊಳೆತು, ಅಗೆದು ನೋಡಿದರೆ ಗೆಡ್ಡೆಗಳು ಬೇಯಿಸಿದ ಹಾಗೆ ಮೆತ್ತಗಾಗಿದ್ದವು. ಒಂದರಲ್ಲಾದರೂ ಮೊಳೆಯುವ ಕಣ್ಣಿರಬಹುದೆಂದು ಇವಳು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದ್ದಳು. ಗಂಡ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದವನು, "ಮಗುಗೆ ಹೇಳ್ಬೇಡ ಕಣೇ. ಅವಳಿಗೆ ಉಳಿದಿದ್ದೇ ಅದೊಂದು," ಅಂದ. ಮದುವೆಯಾದ ಮೇಲೆ ಅವನು ಇವಳಲ್ಲಿ ಬೇಡಿಕೊಂಡ ಮೊದಲನೆಯ ಮಾತು. ಆ 'ಕಣೇ' ಎನ್ನುವ ಸಲಿಗೆಯೂ ಮೊದಲನೆಯದೇ ಇರಬೇಕು. ಅದಕ್ಕಾಗಿ ಇವಳು ಏನು ಬೇಕಾದರೂ ಮಾಡುತ್ತಿದ್ದಳು.

ಹಲ್ಲಿನ ಡಾಕ್ಟರ ಮನೆಯ ಹಿಂದೆ ಅದೇ ಜಾತಿ, ಅದೇ ಬಿಳಿ ಹೂವಿನ ಗಿಡವಿತ್ತು. ಇವಳು ಕೆಲಸ ಮಾಡುತ್ತಿದ್ದದ್ದು ಅಲ್ಲೇ, ಮನೆಗೆ ಸೇರಿದ್ದ ಆಸ್ಪತ್ರೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ, ಹಲ್ಲು ಕಟ್ಟುವ ಕೆಲಸ. ಡಾಕ್ಟರ ತಾಯಿಯನ್ನು ಕೇಳಿ ದೊಡ್ಡದೊಂದು ಬುಡವನ್ನೇ ಅಗೆದು, ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಒದ್ದೆ ಗೋಣಿಯಿಂದ ಸೀರೆಯೆಲ್ಲ ಕೆಸರು. ಪಕ್ಕದಲ್ಲಿ ಕೂತಿದ್ದವಳು ಮೂಗು ಮುರಿದು ಸರಿದಿದ್ದಳು. ಸುಣ್ಣ ಬೆರೆತ ಮಣ್ಣನ್ನು ಮೊಣಕಾಲುದ್ದ ತೆಗೆದು ಹಾಕಿ, ಹೊಸ ಮಣ್ಣು ತುಂಬಿ, ದಂಟುಗಳನ್ನು ಮೊದಲಿದ್ದ ಹಾಗೇ ನಿಲ್ಲಿಸಿ ಕಡ್ಡಿ ಊರಿ ಕಟ್ಟಿದಳು. ಹುಡುಗಿ ಬಂದವಳು ನೇರ ಹಿತ್ತಲಿಗೆ ಹೋದಳು. ಇವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ಹುಡುಗಿ ಎಲೆಗಳಲ್ಲಿ ಮುಖವಿಟ್ಟು ಸುಮ್ಮನೆ ಇದ್ದುಬಿಟ್ಟಳು. ಆ ವರ್ಷದ ಮೊದಲ ಹೂವು ಬಿಟ್ಟ ಸಂಜೆ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದು, ಒಳಗೆ ಬಂದು, ಯಾರೂ ಕರೆಯದೆಯೇ ತಟ್ಟೆಯ ಮುಂದೆ ಕೂತು, "ಚಿಕ್ಕಮ್ಮ, ಹಸಿವು," ಅಂದಳು. ಇವಳು ತಟ್ಟೆ ತುಂಬ ಬಡಿಸಿದಳು. ಗೆದ್ದೆ ಅಂದುಕೊಂಡಳು. ಎಷ್ಟೋ ದಿನಗಳ ಮೇಲೆ, ಹಾಸಿಗೆ ಹಾಸುತ್ತಿದ್ದಾಗ, ಗೆದ್ದವಳು ತಾನಲ್ಲ, ಮೊದಲಿನವಳು ಎಂದು ಹೊಳೆದು ಹಾಸಿಗೆಯ ಮೇಲೆ ಹಾಗೇ ಕೂತಿದ್ದಳು.

ಹಲ್ಲು ಕಟ್ಟುವವರ ಗೆಲುವೂ ಅಂಥದ್ದೇ. ಅಚ್ಚು ತೆಗೆದು, ಮೇಣದಲ್ಲಿ ಮಾಡಿ, ಉಳಿದ ಹಲ್ಲುಗಳ ಬಣ್ಣಕ್ಕೆ ಬಣ್ಣ ಕೂಡಿಸಿ, ಕೊನೆಗೆ ಕನ್ನಡಿ ಹಿಡಿದಾಗ ಬಂದವರು ನಕ್ಕು, ನನ್ನವೇ ಅನ್ನಿಸುತ್ತೆ ಅನ್ನಬೇಕು. ಹಾಗೆ ಅಂದ ದಿನ ಡಾಕ್ಟರು ಹಿಂದಿನ ಕೋಣೆಗೆ ಬಂದು ಭೇಷ್ ಅನ್ನುತ್ತಾರೆ. ಮುಂದಿನ ಕೋಣೆಯಲ್ಲಿ ನಗುತ್ತಿರುವವರಿಗೆ ಹಿಂದೆ ಒಬ್ಬಳಿದ್ದಾಳೆಂದು ಗೊತ್ತಿರುವುದಿಲ್ಲ. ಇದರಲ್ಲಿ ಇವಳಿಗೆ ಎಂದೂ ಕೊರತೆ ಕಂಡಿರಲಿಲ್ಲ. ಸಂಬಳ ಬರುತ್ತಿತ್ತು, ಕೆಲಸ ಕೈಗೆ ಹತ್ತಿತ್ತು. ಮನೆಗೆ ಬಂದಮೇಲೂ ಅದೇ ಕೆಲಸ ಮುಂದುವರಿಯುತ್ತದೆ ಅನ್ನಿಸುತ್ತಿದ್ದದ್ದು ಅಪರೂಪಕ್ಕೆ, ತಲೆನೋವು ಬಂದ ದಿನ.

ಹಾರೆಯ ಕೆಳಗೆ ಏನೋ ಲಟಕ್ಕೆಂದಿತು. ಬುಡದ ಒಂದು ಮೂಲೆ ಮೇಲೆದ್ದು, ಮಣ್ಣು ಬಿರಿದು, ಗುಲಾಬಿ ಬಣ್ಣದ ಎಳೆಯ ಗೆಡ್ಡೆಗಳು ಕಂಡವು, ಮುಷ್ಟಿ ಬಿಚ್ಚಿದ ಬೆರಳುಗಳ ಹಾಗೆ. ಅದೇ ಹೊತ್ತಿಗೆ ಗೇಟಿನ ಸದ್ದಾಯಿತು. ಮಗಳು ಒಳಗೆ ಅಪ್ಪನ ಜೊತೆ ಮಾತಾಡುವುದು, ಇಬ್ಬರೂ ನಗುವುದು ಕೇಳಿಸಿತು. ಒಳಗೆ ಹೋಗಬೇಕೋ ಇಲ್ಲೇ ಇರಬೇಕೋ ತಿಳಿಯದೆ ಇವಳು ಮತ್ತೆ ಹಾರೆ ಹಾಕಿದಳು. ಕೊನೆಗೆ ಮಗಳೇ ಹಿತ್ತಲಿನ ಬಾಗಿಲಿಗೆ ಬಂದಳು. ಹೊಟ್ಟೆ ಆಗಲೇ ಎದ್ದು ಕಾಣುತ್ತಿತ್ತು. ಚೆನ್ನಾಗಿದೀರಾ ಚಿಕ್ಕಮ್ಮ, ನೀವೊಬ್ಬರೇ ಯಾಕೆ ಇಷ್ಟು ಕಷ್ಟ ಪಟ್ಟಿರಿ ಎಂದು ವಿಚಾರಿಸಿದಳು. ಯಾವಾಗಲೂ ನೀವು. ಅಪ್ಪನಿಗೆ ನೀನು, ಗೋಡೆಯ ಮೇಲಿನ ಫೋಟೋದಲ್ಲಿರುವವಳಿಗೂ ನೀನು. ಇವಳಿಗೆ ಮಾತ್ರ ಇಷ್ಟು ವರ್ಷವಾದರೂ ಬೀಗರಿಗೆ ಕೊಟ್ಟ ಹಾಗೆ ಬಹುವಚನ. ಒಂದೇ ಒಂದು ಸಲ, ಜ್ವರ ಏರಿ ಮೈಮೇಲೆ ಎಚ್ಚರವಿಲ್ಲದಾಗ, ನೀನು ಹೋಗ್ಬೇಡ ಎಂದು ಇವಳ ಸೆರಗು ಹಿಡಿದಿದ್ದಳು. ಅದು ಯಾರಿಗೆ ಅಂದದ್ದೆಂದು ಇವಳು ಕೆದಕಲು ಹೋಗಿರಲಿಲ್ಲ.

ಮಗಳು ಸ್ಟೂಲು ತಂದುಕೊಂಡು ಎದುರಿಗೆ ಕೂತಳು. ನಾನೂ ಮಾಡುತ್ತೇನೆ, ಹೇಗೆಂದು ತೋರಿಸಿ ಅಂದಳು. ಇವಳು ತೋರಿಸಿದಳು: ನಡುವಿನ ಮುದಿ ಗೆಡ್ಡೆ ಬೇಡ, ಅದರ ಆಯುಷ್ಯ ಮುಗಿಯಿತು; ಅಂಚಿನದು ಬೇಕು; ಪ್ರತಿ ತುಂಡಿನಲ್ಲೂ ಒಂದೆರಡು ಕಣ್ಣಿರಬೇಕು; ಕೊಯ್ದ ಜಾಗಕ್ಕೆ ಬೂದಿ ಹಚ್ಚಬೇಕು, ಇಲ್ಲದಿದ್ದರೆ ಕೊಳೆಯುತ್ತದೆ; ಆಳಕ್ಕೆ ನೆಡಬಾರದು, ಬೆನ್ನು ಮಣ್ಣಿನ ಮೇಲೆ ಕಾಣುತ್ತಿರಬೇಕು. ಮಗಳು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸುತ್ತ ಚಾಕು ಹಿಡಿದಳು. ಇಬ್ಬರ ಕೈಗಳೂ ಒಂದೇ ಮಣ್ಣಿನಲ್ಲಿ, ಒಂದೇ ಬೂದಿಯಲ್ಲಿ ಓಡಾಡಿದವು. ಮಗಳು ತನ್ನ ಸೊಂಟದ ನೋವು ಹೇಳಿದಳು, ಅಡುಗೆಮನೆಯ ನಲ್ಲಿ ಸೋರುವುದು ಹೇಳಿದಳು, ಗಂಡನ ಗೊರಕೆಯನ್ನು ಅಣಕಿಸಿ ತೋರಿಸಿದಳು. ಇವಳು ನಕ್ಕಳು. ನಗುವಾಗ ಮಗಳ ಮೊಣಕಾಲು ಇವಳ ಮೊಣಕಾಲಿಗೆ ತಗುಲಿತು, ಹಾಗೇ ಇತ್ತು, ಸರಿಯಲಿಲ್ಲ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಕೇಳುವವಳು ದುರಾಸೆಯವಳು ಎಂದು ಇವಳು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಗಿಡ ಯಾರದ್ದಾದರೆ ಏನು? ಮಣ್ಣಿಗೆ ಗೊತ್ತೇ, ಹೂವಿಗೆ ಗೊತ್ತೇ?

ಮಗಳು ಒಂದು ಎಳೆಯ ಗೆಡ್ಡೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. "ಚಿಕ್ಕಮ್ಮ, ಇದನ್ನ ಮಗು ಮಲಗೋ ಕೋಣೆ ಕಿಟಕಿ ಕೆಳಗೇ ನೆಡ್ತೀನಿ. ಅಜ್ಜಿ ಅಂದ್ರೆ ಈ ವಾಸನೆ ಅಂತ ಅದಕ್ಕೆ ಗೊತ್ತಾಗ್ಲಿ. ಅಜ್ಜಿನ ಇನ್ನು ಹೇಗೆ ತೋರ್ಸೋದು, ಹೇಳಿ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳ ಮುಖದಲ್ಲಿ ಮಗುವಿನ ಬಗ್ಗೆ ಯೋಚಿಸುವವರ ಮಬ್ಬು ಸಂತೋಷ ಮಾತ್ರ ಇತ್ತು. ಎದುರಿಗೆ ಕೂತವಳು ಅಜ್ಜಿಯಾಗಬಹುದು ಎನ್ನುವುದು ಅವಳ ತಲೆಯಲ್ಲಿ ಹಾದುಹೋಗಿಯೇ ಇರಲಿಲ್ಲ. ಅದೇ ಇವಳನ್ನು ಇರಿಯಿತು. ಬೇಕೆಂದೇ ಆಡಿದ ಮಾತಾಗಿದ್ದರೆ ನುಂಗಿಕೊಳ್ಳಬಹುದಿತ್ತು, ಅಂಥವನ್ನು ನುಂಗಿ ಅಭ್ಯಾಸವಿತ್ತು. ಸುದ್ದಿ ತಿಳಿದ ದಿನದಿಂದ ಇವಳು ಯಾರಿಗೂ ಹೇಳದೆ ಹಲ್ಲಿನ ಕೋಣೆಯಲ್ಲಿ ಮೇಣ ಕಾಯಿಸುತ್ತ ಒಂದು ಕನಸು ಕಾಣುತ್ತಿದ್ದಳು. ಮಗು ಮಾತು ಕಲಿಯುತ್ತದೆ. ಚಿಕ್ಕಜ್ಜಿ ಎಂಬ ಮಾತನ್ನು ಅದಕ್ಕೆ ಯಾರೂ ಕಲಿಸಲಾರರು. ಚಿಕ್ಕ ಬಾಯಿಗೆ ಅಜ್ಜಿ ಎನ್ನುವುದೇ ಸುಲಭ. ಇನ್ನೂ ಹುಟ್ಟದ ಆ ಬಾಯಿಯನ್ನು ನಂಬಿಕೊಂಡು ಕೂತಿದ್ದಳು. ಈಗ ಆ ಪದವೂ ಭರ್ತಿಯಾಗಿತ್ತು, ಅದೂ ತಾನೇ ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದ ಗೆಡ್ಡೆಯಿಂದ.

"ಇದು ನಿಮ್ಮಮ್ಮ ನೆಟ್ಟಿದ್ದಲ್ಲ ಪುಟ್ಟಿ," ಅಂದಳು. ದನಿ ತನ್ನದಲ್ಲವೆನ್ನುವಷ್ಟು ಮೆತ್ತಗೆ ಬಂತು. "ನಿಮ್ಮಮ್ಮನ ಗಿಡ ಗೋಡೆ ಕಟ್ಟಿಸುವಾಗಲೇ ಸತ್ತುಹೋಯ್ತು. ನೀನು ಅಜ್ಜಿ ಮನೇಲಿದ್ದೆ. ಇದು ನಾನು ತಂದು ನೆಟ್ಟಿದ್ದು."

ಆಡಿದ ಮೇಲೆ ಮಾತು ನಿಲ್ಲಲಿಲ್ಲ. ಸುಣ್ಣದ ನೀರು, ಮೆತ್ತಗಾದ ಗೆಡ್ಡೆ, ಡಾಕ್ಟರ ತಾಯಿ, ಬಸ್ಸು, ಎಲ್ಲವನ್ನೂ ಒಂದಾದಮೇಲೊಂದು ಹೇಳುತ್ತ ಹೋದಳು. ನಿನಗೆ ನೋವಾಗಬಾರದೆಂದು ಹೀಗೆ ಮಾಡಿದೆವು ಎಂದೂ ಹೇಳಿದಳು. ಹೇಳುತ್ತಿರುವಾಗಲೇ ತನ್ನ ದನಿಯಲ್ಲಿ ಏನೋ ಒಂದು ಚಾಚಿಕೊಂಡು ನಿಂತಿರುವುದು ಇವಳಿಗೇ ಕೇಳಿಸಿತು, ಕೈಯೊಡ್ಡಿ ನಿಂತವರ ದನಿಯ ಹಾಗೆ. ಮಗಳು ಮೊಣಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಕೈಯಲ್ಲಿದ್ದ ಗೆಡ್ಡೆಯನ್ನು ತಿರುಗಿಸಿ ನೋಡಿದಳು.

"ಅಮ್ಮಂದು ಅಂತ ಇದ್ದಿದ್ದು ಇದೊಂದೇ ಈ ಮನೇಲಿ," ಅಂದಳು. "ಅದೂ ನಿಮ್ಮದೇ ಆಗ್ಬೇಕಾ?"

ಇವಳು ಅಪ್ಪನನ್ನೇ ಕೇಳು ಅಂದಳು. ಮಗಳು ಕರೆಯುವ ಮೊದಲೇ ಅವನು ಬಾಗಿಲಿಗೆ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಸ್ ಡಿಪೋದಲ್ಲಿ ಸಮಯ ಬರೆಯುವ ಕೆಲಸದಲ್ಲಿ ಜೀವಮಾನ ಕಳೆದವನು. ಯಾವ ವರ್ಷದ ಮಳೆಗಾಲದಲ್ಲಿ ಯಾವ ಬಸ್ಸು ಎಷ್ಟು ತಡವಾಗಿ ಬಂತು, ಅದರ ಡ್ರೈವರು ಏನು ಸಬೂಬು ಹೇಳಿದ ಎನ್ನುವುದನ್ನು ಈಗಲೂ ಊಟದ ನಡುವೆ ಹೇಳಿ ನಗುತ್ತಿದ್ದ. ಮಗಳು ಕೇಳಿದಳು. ಅವನು ಮಗಳ ಮುಖ ನೋಡಿದ, ಅವಳ ಹೊಟ್ಟೆ ನೋಡಿದ, ಇವಳ ಕಡೆಗೆ ಕಣ್ಣು ತಿರುಗಿಸಲಿಲ್ಲ. ಮೂಗಿನ ಮೇಲಿನ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ.

"ನಂಗೆ ಹಾಗೇನೂ ನೆನಪಿಲ್ಲಮ್ಮ," ಅಂದ. "ಗಿಡ ಅಲ್ಲೇ ಇತ್ತಲ್ಲ, ಮೊದಲಿಂದಲೂ."

ಇವಳಿಗೆ ವಿಚಿತ್ರವಾಗಿ ನೆನಪಾದದ್ದು ತನ್ನ ಕೈಗಳು: ಬೂದಿ ಮೆತ್ತಿಕೊಂಡು, ಉಗುರಿನೊಳಗೆ ಮಣ್ಣು ತುಂಬಿಕೊಂಡು ಮಡಿಲಲ್ಲಿ ಬಿದ್ದಿದ್ದವು; ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎನ್ನಬಹುದಿತ್ತು. ಡಾಕ್ಟರ ತಾಯಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು, ಆ ಹಿತ್ತಲಿನಲ್ಲಿ ಈಗ ಎಕ್ಸ್-ರೇ ಕೋಣೆ ಎದ್ದಿತ್ತು. ಇವಳ ಮಾತನ್ನು ಹೌದೆನ್ನುವಂಥದ್ದು ಈ ಲೋಕದಲ್ಲಿ ಏನೂ ಉಳಿದಿರಲಿಲ್ಲ. ಇನ್ನೊಂದು ಕ್ಷಣಕ್ಕೆ ಇವಳಿಗೇ ದಿಗಿಲಾಯಿತು: ಆ ಒದ್ದೆ ಗೋಣಿ, ಮೂಗು ಮುರಿದ ಹೆಂಗಸು, ಎಲ್ಲ ನಿಜವಾಗಿ ನಡೆದದ್ದೇ? ಅಥವಾ ವರ್ಷಾನುಗಟ್ಟಲೆ ಬೇಕು ಬೇಕು ಎಂದು ಕೂತವಳ ಮನಸ್ಸು ಕಟ್ಟಿಕೊಂಡದ್ದೇ? ನಿಜವೇ ಇರಲಿ, ಇವತ್ತು ಅದನ್ನು ಹೇಳಿದ್ದು ನಿಜದ ಮೇಲಿನ ಪ್ರೀತಿಗೆ ಅಲ್ಲವಲ್ಲ. ಅಜ್ಜಿ ಎಂಬ ಒಂದು ಮಾತಿಗಾಗಿ, ಸತ್ತವಳ ಬಾಯಿಂದ ತುತ್ತು ಕಿತ್ತುಕೊಳ್ಳಲು ಹೋಗಿದ್ದಳು. ಮಗಳು ಅದನ್ನು ಸರಿಯಾಗಿಯೇ ಕಂಡುಹಿಡಿದಿದ್ದಳು. ಉಳಿದದ್ದೆಲ್ಲ ತಪ್ಪಿದ್ದರೂ ಅಷ್ಟು ಮಾತ್ರ ಸರಿ.

ಮಗಳು ಎದ್ದು, ನಲ್ಲಿಯಲ್ಲಿ ಕೈ ತೊಳೆದು, ಒಳ್ಳೆಯ ಕಣ್ಣುಗಳಿದ್ದ ತುಂಡುಗಳನ್ನು ಆರಿಸಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು. ಇವಳು ಹೇಳಿಕೊಟ್ಟ ಹಾಗೇ ಆರಿಸಿದಳು, ಒಂದೂ ತಪ್ಪಲಿಲ್ಲ. ಹೋಗಿ ಬರುತ್ತೇನೆ ಎಂದದ್ದು ಅಪ್ಪನಿಗೆ. ಅವನು ಜೊತೆಗೆ ಗೇಟಿನವರೆಗೆ ಹೋದ. ಇವಳು ಅಲ್ಲೇ ಕೂತು ಆಟೋದ ಸದ್ದಿಗೆ ಕಾದಳು. ಆಟೋ ಬಂತು, ನಿಂತಿತು, ಹೊರಡಲಿಲ್ಲ. ಮಗಳು ಮನೆಯ ಪಕ್ಕದ ಓಣಿಯಿಂದಲೇ ಹಿತ್ತಲಿಗೆ ವಾಪಸು ಬಂದಳು. ಬಿರುಸಾಗಿ ನಡೆದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಇವಳು ಏಳಲು ಹೋದಳು. ಮಗಳು ಚೀಲವನ್ನು ಮೆಟ್ಟಿಲ ಮೇಲೆ ಇಟ್ಟಳು.

"ಬೇಡ ಚಿಕ್ಕಮ್ಮ. ನೀವು ಹೇಳಿದ್ದನ್ನ ನಂಬೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ. ಇನ್ನು ಹೂ ಬಿಟ್ಟಾಗಲೆಲ್ಲ ನಂಗೆ ಅಮ್ಮ ನೆನಪಾಗಲ್ಲ, ಇವತ್ತಿನ ದಿನ ನೆನಪಾಗುತ್ತೆ." ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು. ಸುಸ್ತಾದವರ ಹಾಗೆ ಅಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ಗಳಿಗೆ ನಿಂತು, ಹೊರಟುಹೋದಳು. ಈ ಸಲ ಆಟೋ ಹೊರಟಿತು.

ಗಂಡ ಒಳಗಿಂದ ಬಂದು ಬಾಗಿಲಿನ ಚೌಕಟ್ಟಿಗೆ ಒರಗಿದ. ಇವಳು ತಲೆಯೆತ್ತದೆ, ಯಾಕೆ ಹಾಗೆ ಅಂದಿರಿ ಎಂದು ಕೇಳಿದಳು. ಅವನು ಮೊದಲು ಅಂಗಳದ ಬಿಸಿಲಿನ ಮಾತಾಡಿದ, ಇಷ್ಟು ವರ್ಷ ಸುಮ್ಮನಿದ್ದವಳು ಇನ್ನೊಂದಿಷ್ಟು ದಿನ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದ, ಬಸುರಿ ಹೆಂಗಸಿಗೆ ಹೇಳುವ ಮಾತೇ ಅದು ಎಂದ. ಇವಳು ಮತ್ತೆ ಕೇಳಿದಳು. ನೆನಪಿಲ್ಲವೇನು ನಿಮಗೆ, ನೀವೇ ಅಲ್ಲವೇ ಹೇಳಬೇಡ ಅಂದದ್ದು.

"ನೆನಪಿದೆ," ಅಂದ. "ಸುಣ್ಣ ಅಲ್ಲಿ ಹಾಕ್ಸಿದ್ದು ನಾನು ಅಂತ ಅವಳಿಗೆ ಹೇಗೆ ಹೇಳ್ಲಿ? ಅವಳೂ ಬರೋದು ಬಿಟ್ರೆ? ನಂಗೆ ಅಂತ ಇರೋದು ಅವಳೊಬ್ಬಳು."

ಹೇಳಿದ ಮೇಲೆ ಆ ಮಾತಿನಲ್ಲಿ ಏನಿತ್ತೆಂದು ಅವನಿಗೂ ಕೇಳಿಸಿರಬೇಕು. ತಿದ್ದಲು ಬಾಯಿ ತೆರೆದ. ತಿದ್ದುವುದಕ್ಕೆ ಮಾತು ಸಿಗಲಿಲ್ಲವೋ, ತಿದ್ದುವಂಥದ್ದೇನೂ ಇಲ್ಲ ಅನ್ನಿಸಿತೋ, ಒಳಗೆ ಹೋಗಿ ರೇಡಿಯೋ ಹಾಕಿದ. ಇವಳು ಅಳು ಬರಬಹುದೆಂದು ಕಾದಳು. ಅಳು ಬರಲಿಲ್ಲ, ಬಹಳ ದಿನದಿಂದ ಅಲುಗಾಡುತ್ತಿದ್ದ ಹಲ್ಲು ಬಿದ್ದುಹೋದಾಗ ನಾಲಿಗೆ ಆ ಖಾಲಿ ಜಾಗವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತದಲ್ಲ, ಹಾಗೆ ಮನಸ್ಸು ಆ ಮಾತನ್ನೇ ಮುಟ್ಟುತ್ತಿತ್ತು. ನೋವೇನಿರಲಿಲ್ಲ.

ಅಗೆದು ಬಿಟ್ಟ ಗೆಡ್ಡೆಗಳು ಬಿಸಿಲಿಗೆ ಸುಕ್ಕಾಗುತ್ತಿದ್ದವು. ಯಾರ ಮೇಲಿನ ಸಿಟ್ಟನ್ನೂ ಗೆಡ್ಡೆಗಳ ಮೇಲೆ ತೀರಿಸಿಕೊಳ್ಳಲು ಇವಳಿಂದ ಆಗದು. ಎದ್ದು ಗುಂಡಿಯನ್ನು ಅಗಲ ಮಾಡಿದಳು. ಮುದಿ ಕೊರಡನ್ನು ಗೋಡೆಯ ಪಕ್ಕಕ್ಕೆ ಎಸೆದು, ಉಳಿದವನ್ನು ಗೇಣು ಗೇಣು ದೂರದಲ್ಲಿ ಇಟ್ಟು, ಬೆನ್ನು ಕಾಣುವಷ್ಟು ಮಣ್ಣೆಳೆದಳು. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿಕೊಂಡು ಹೋದವು. ಮುಂದಿನ ವರ್ಷ ಹೂವಾಗುತ್ತದೆಯೋ ಇಲ್ಲವೋ ಎಂಬ ಯೋಚನೆ ಅವುಗಳಿಗೆ ಇರಲಿಲ್ಲ, ಇವಳಿಗೂ ಇರಲಿಲ್ಲ.

ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು ಗೋಡೆಯಾಚೆ ಬಟ್ಟೆ ಒಣಹಾಕಲು ಬಂದವಳು ಇವಳನ್ನು ನೋಡಿ ನಿಂತಳು. ಎಳೆಯ ವಯಸ್ಸು, ಮಾತಿನ ಮಲ್ಲಿ. ಅಯ್ಯೋ, ಇದು ಆ ಬಿಳಿ ಹೂವಿನ ಗಿಡ ಅಲ್ಲವಾ, ಸಂಜೆ ನಮ್ಮ ಕೋಣೆಯವರೆಗೂ ವಾಸನೆ ಬರುತ್ತಿತ್ತು, ಒಂದು ತುಂಡು ಇದ್ದರೆ ಕೊಡಿ ಎಂದು ಕೇಳಿದಳು. ಇವಳು ಮೆಟ್ಟಿಲ ಮೇಲಿದ್ದ ಚೀಲವನ್ನು ಹಾಗೇ ಎತ್ತಿ ಗೋಡೆಯ ಮೇಲಿಂದ ದಾಟಿಸಿದಳು. ಆಳಕ್ಕೆ ನೆಡಬೇಡಿ ಎಂದು ಹೇಳಿದಳು. ಹೆಂಗಸು ಚೀಲದೊಳಗೆ ಇಣುಕಿ ಹಿಗ್ಗಿದಳು.

"ಇಷ್ಟೊಂದು ಕೊಟ್ಟುಬಿಟ್ರಲ್ಲ. ನೀವೇ ನೆಟ್ಟಿದ್ದಾ?"

ಇವಳು ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು. ಆ ಹೆಂಗಸಿಗೆ ಯಾರ ವಿಷಯವೂ ಗೊತ್ತಿರಲಿಲ್ಲ. ಹೌದು ಎಂದಿದ್ದರೆ ನಂಬುತ್ತಿದ್ದಳು.

"ಇಲ್ಲ," ಅಂದಳು. "ನಮ್ಮಕ್ಕ ನೆಟ್ಟಿದ್ದು." ಮೊದಲಿನವಳನ್ನು ಅಕ್ಕ ಎಂದು ಕರೆಯುವುದು ಇಷ್ಟು ವರ್ಷ ನಾಲಿಗೆಗೆ ಬಾರದೆ ಇದ್ದದ್ದು, ಈಗ ನೀರು ಕುಡಿದಷ್ಟು ಸಲೀಸಾಗಿ ಬಂತು.

"ಓ, ಅಕ್ಕ ಇದಾರಾ? ನಾನು ನೋಡೇ ಇಲ್ಲ. ಎಲ್ಲಿರ್ತಾರೆ?"

"ಇಲ್ಲೇ," ಅಂದಳು, ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆಗೆ ಹೋಗುತ್ತ. "ಇಲ್ಲೇ ಇದಾರೆ, ನಮ್ಮ ಮನೇಲೇ."